ಟ್ರಿಗರ್ ಪ್ರಾಜೆಕ್ಟ್: ಸಿಪಿಯು, ಜಿಪಿಯು, ಎಫ್‌ಪಿಜಿಎ ಯಾವುದಕ್ಕೆ ಬರೆಯಲಿ?

ದಾವಣಗೆರೆಯಿಂದ ಫೈನಲ್ ಇಯರ್ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಟ್ರಿಗರ್ ಅಂದರೆ ಕಣಗಳ ಡಿಕ್ಕಿಗಳಲ್ಲಿ ಯಾವ ಘಟನೆಯ ದಾಖಲೆ ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಆ ಕ್ಷಣವೇ ತೀರ್ಮಾನಿಸುವ ವ್ಯವಸ್ಥೆ.

ತಂಗಿ, ಮೊದಲು ಸಮಯ ನೋಡು. ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಗೊಂಚಲುಗಳು 25 ನ್ಯಾನೋಸೆಕೆಂಡಿಗೊಮ್ಮೆ ಎದುರಾಗುತ್ತವೆ. ಪ್ರತಿ ಸಲವೂ ಹತ್ತಾರು ಡಿಕ್ಕಿ ಒಟ್ಟಿಗೇ. ಮಂಡಕ್ಕಿ ಭಟ್ಟಿಯಲ್ಲಿ ಮರಳು ಜರಡಿ ಹಿಡಿದ ಹಾಗೆ ಬೇಡದ್ದನ್ನು ಉದುರಿಸಬೇಕು. ಅಲ್ಲಿನ ಸಿಎಂಎಸ್ ಎಂಬ ಪ್ರಯೋಗದಲ್ಲಿ ಟ್ರಿಗರ್‌ನ ಮೊದಲ ಹಂತಕ್ಕೆ ತೀರ್ಮಾನಿಸಲು ಸಿಗುವುದು ಸುಮಾರು 4 ಮೈಕ್ರೋಸೆಕೆಂಡ್ ಅಷ್ಟೇ. ಅಲ್ಲಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್) ಬಿಟ್ಟರೆ ಗತಿಯಿಲ್ಲ. ಅದು ಸೆಕೆಂಡಿಗೆ ಸುಮಾರು 1 ಲಕ್ಷ ಘಟನೆ ಉಳಿಸುತ್ತದೆ. ಮುಂದಿನದು ಸಿಪಿಯು (ಕಂಪ್ಯೂಟರಿನ ಮಾಮೂಲಿ ಪ್ರೊಸೆಸರ್) ಮತ್ತು ಜಿಪಿಯು (ಒಂದೇ ಲೆಕ್ಕವನ್ನು ಸಾವಿರಾರು ಕಡೆ ಒಟ್ಟಿಗೇ ಮಾಡುವ ಗ್ರಾಫಿಕ್ಸ್ ಪ್ರೊಸೆಸರ್) ಕೆಲಸ.

ಡಿಕ್ಕಿಗಳನ್ನು ಬೇರ್ಪಡಿಸಲು ಪ್ರತಿ ಕಣದ ಜಾಡು ಎಲ್ಲಿಂದ ಹೊರಟಿತೆಂದು ಹುಡುಕಬೇಕು. ಒಂದೇ ಲೆಕ್ಕ, ಸಾವಿರಾರು ಜಾಡು. ಜಿಪಿಯುಗೆ ಹೇಳಿ ಮಾಡಿಸಿದ ಕೆಲಸ, ಅಲ್ವಾ? ಎಲ್‌ಎಚ್‌ಸಿಯ ಇನ್ನೊಂದು ಪ್ರಯೋಗ ಎಲ್‌ಎಚ್‌ಸಿಬಿ 2022ರಿಂದ ಮೊದಲ ಜರಡಿಯನ್ನೇ ಅದಕ್ಕೆ ಒಪ್ಪಿಸಿದೆ.

ಖರ್ಚು? ಸಿಪಿಯುಗೆ ಲ್ಯಾಪ್‌ಟಾಪ್ ಸಾಕು. ಸಿಎಂಎಸ್ ಡೇಟಾ ಪುಕ್ಕಟೆ ಸಿಗುತ್ತದೆ.

ಕಷ್ಟ ಎಫ್‌ಪಿಜಿಎಯಲ್ಲೇ ಜಾಸ್ತಿ. ಲ್ಯಾಬ್ ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸಿದಷ್ಟು ಸಲೀಸಲ್ಲ. ಒಂದು ಸಾಲು ತಿದ್ದಿದರೂ ಮತ್ತೆ ಸಿಂಥೆಸಿಸ್‌ಗೆ, ಅಂದರೆ ಕೋಡ್ ಸರ್ಕ್ಯೂಟ್ ಆಗಿ ಬದಲಾಗುವುದಕ್ಕೆ, ಕಾಯಬೇಕು.

ಒಂದೇ ಸೆಮಿಸ್ಟರ್ ಇದ್ದರೆ ಸುಮ್ನೆ ಸಿಪಿಯುನಲ್ಲಿ ಬರೆದುಬಿಡು. ಸಿ++ ಚೆನ್ನಾಗಿ ಬಂದು, ಎನ್ವಿಡಿಯಾ ಕಾರ್ಡ್ ಕೈಯಲ್ಲಿದ್ದರೆ ಜಿಪಿಯು. ಎಲೆಕ್ಟ್ರಾನಿಕ್ಸ್ ಓದಿ, ಮುಂದೆ ಚಿಪ್ ಕೆಲಸಕ್ಕೇ ಹೋಗುವ ಮನಸ್ಸಿದ್ದರೆ ಎಫ್‌ಪಿಜಿಎ ಕಷ್ಟ ಪಟ್ಟರೂ ದಂಡವಲ್ಲ.