ಕಂಬಿ ಕಿಟಕಿ ಮನೆಗೆ ಪೋರ್ಟಬಲ್ ಎಸಿ: ದುಡ್ಡು ಕೊಡುವ ಮುಂಚೆ ಓದಿ

ಬಾಡಿಗೆ ಮನೆ, ಮೇಲಿನ ಮಹಡಿ, ಗೋಡೆಗೆ ಒಂದು ಮೊಳೆ ಹೊಡೆದರೂ ಓನರ್ ಮುಖ ಗಂಟಿಕ್ಕುತ್ತಾರೆ. ಇಂಥ ಮನೆಯಲ್ಲಿ ಇರುವವರು ಬೇಸಿಗೆ ಬಂದ ಕೂಡಲೇ ಚಕ್ರ ಇರುವ ಪೋರ್ಟಬಲ್ ಎಸಿ ಕಡೆ ನೋಡುತ್ತಾರೆ. ನೀವೂ ನೋಡುತ್ತಿದ್ದರೆ ಸ್ವಲ್ಪ ತಡೆಯಿರಿ. ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಹೋದ ಬೇಸಿಗೆಯಲ್ಲಿ ಒಂದು ತಂದೆವು. ಮೂವತ್ತು ಸಾವಿರದ ಮೇಲೆ ಖರ್ಚಾಯಿತು. ರೂಮು ಮಾತ್ರ ತಣ್ಣಗಾಗಲಿಲ್ಲ. ಯಂತ್ರ ಕೆಟ್ಟಿತ್ತು ಅಂದುಕೊಳ್ಳಬೇಡಿ. ಚೆನ್ನಾಗೇ ಓಡುತ್ತಿತ್ತು. ಅದು ಇರುವುದೇ ಹಾಗೆ.

ಅಂಗಡಿಯ ಹೆಸರು, ಕಂಪನಿಯ ಹೆಸರು ಬರೆಯುವುದಿಲ್ಲ. ಇನ್ನೊಂದು ಕಂಪನಿಯದು ತಂದಿದ್ದರೂ ಇದೇ ಕಥೆ ಆಗುತ್ತಿತ್ತು.

ಮಂಡಿ ಆಪರೇಷನ್ ಆದ ಮೇಲೆ ಅಮ್ಮ ಮಂಡ್ಯದಿಂದ ನಮ್ಮ ಜೊತೆ ಇರಲು ಬಂದಿದ್ದರು. ಅವರಿಗೆ ಕೊಟ್ಟ ರೂಮು ಹತ್ತು ಅಡಿಗೆ ಹನ್ನೆರಡು ಅಡಿ. ತಲೆ ಮೇಲೆ ಬರೀ ತಾರಸಿ. ಮಂಚ ಇರುವ ಕಡೆಯ ಗೋಡೆ ಪಶ್ಚಿಮಕ್ಕೆ. ಸಂಜೆ ಆ ಗೋಡೆ ಮುಟ್ಟಿದರೆ ಬೆಚ್ಚಗೆ ಇರುತ್ತಿತ್ತು. ಇದನ್ನೆಲ್ಲ ಅಂಗಡಿಯಲ್ಲಿ ಬಿಡಿಸಿ ಹೇಳಿದೆವು. ಕಿಟಕಿಯ ಫೋಟೊ ಕೂಡ ತೋರಿಸಿದೆವು. "ಸ್ಪ್ಲಿಟ್ ಥರಾನೇ ಕೆಲ್ಸ ಮಾಡತ್ತೆ ಸಾರ್. ಒಂದು ಟನ್ ಅಂದ್ರೆ ಒಂದು ಟನ್ನೇ ಅಲ್ವಾ? ಪೈಪ್ ಕಿಟಕಿಗೆ ಇಟ್ರೆ ಮುಗೀತು" ಅಂದರು. ಟನ್ನಿನ ಮಾತೂ ಸುಳ್ಳು, ಪೈಪಿನ ಮಾತೂ ಸುಳ್ಳು.

ಪೈಪಿನದ್ದು ಮೊದಲು. ಡಬ್ಬದಲ್ಲಿ ಒಂದು ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಬರುತ್ತದೆ. ಅದು ಜಾರುವ ಕಿಟಕಿಗೆ ಮಾಡಿದ್ದು. ಗಾಜನ್ನು ಸ್ವಲ್ಪ ಸರಿಸಿ, ಆ ಸಂದಿಗೆ ಪಟ್ಟಿ ಕೂರಿಸಿ, ಪಟ್ಟಿಯ ತೂತಿಗೆ ಪೈಪ್ ಸಿಕ್ಕಿಸಬೇಕು. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇಂಥ ಕಿಟಕಿ ಇರಬಹುದು. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಕಡೆಯ ಹಳೆ ಮನೆಗಳಲ್ಲಿ ಇರುವುದು ಬೇರೆ. ಮರದ ಚೌಕಟ್ಟು, ಹೊರಗೆ ತೆರೆಯುವ ಎರಡು ಬಾಗಿಲು, ನಡುವೆ ಕಬ್ಬಿಣದ ಕಂಬಿ, ಒಳಗಡೆ ಸೊಳ್ಳೆ ಪರದೆ. ನಮ್ಮ ಕಂಬಿಗಳ ನಡುವೆ ನಾಲ್ಕು ಇಂಚು ಜಾಗ. ಪೈಪಿನ ದಪ್ಪ ಐದು ಇಂಚಿನ ಮೇಲೆ. ಆಚೆಗೆ ಹೋಗುವುದಾದರೂ ಹೇಗೆ?

ಕೂರಿಸಲು ಬಂದ ಹುಡುಗ ಪೈಪಿನ ಬಾಯನ್ನು ಕಂಬಿಗೆ ಒತ್ತಿ ನಿಲ್ಲಿಸಿ, ಉಳಿದ ಜಾಗಕ್ಕೆ ಥರ್ಮಾಕೋಲ್ ಇಟ್ಟು, ಟೇಪ್ ಹೊಡೆದು ಹೋದ. ಬಿಸಿಗಾಳಿಗೆ ಟೇಪ್ ಅಂಟು ಬಿಟ್ಟುಕೊಂಡಿತು. ಆಮೇಲೆ ಬಡಗಿಯನ್ನು ಕರೆಸಿ ಪ್ಲೈವುಡ್ ಹಾಕಿಸಿದೆವು. ರೂಮಿಗೆ ಇದ್ದ ಒಂದೇ ಕಿಟಕಿ ಹೀಗೆ ಮುಚ್ಚಿಹೋಯಿತು. ಹಗಲಲ್ಲೂ ಲೈಟ್ ಬೇಕು. ಸಾಲದ್ದಕ್ಕೆ ಸೊಳ್ಳೆ ಪರದೆಯನ್ನೂ ಕತ್ತರಿಸಿದ್ದಾಗಿತ್ತು. ಮನೆ ಬಿಡುವಾಗ ಅದನ್ನು ಓನರ್‌ಗೆ ಹೇಗೆ ಹೇಳುವುದೋ, ಆ ದೇವರೇ ಬಲ್ಲ.

ಇನ್ನು ಟನ್ನಿನ ವಿಷಯ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು. ಸುಮಾರು 3,500 ವಾಟ್‌ನಷ್ಟು ಶಾಖವನ್ನು ರೂಮಿನಿಂದ ತೆಗೆಯುವ ಶಕ್ತಿ. ಸ್ಪ್ಲಿಟ್ ಎಸಿಯಲ್ಲಿ ಕಂಪ್ರೆಸರ್, ಬಿಸಿ ಬಿಡುವ ಕಾಯಿಲ್ ಎರಡೂ ಗೋಡೆಯ ಆಚೆ ಇರುತ್ತವೆ. ಹೊರಗಿನ ಗಾಳಿಯನ್ನೇ ಎಳೆದು, ಅದಕ್ಕೆ ಶಾಖ ಕೊಟ್ಟು, ಹೊರಗೇ ಬಿಡುತ್ತವೆ. ಒಳಗಿನ ಗಾಳಿ ಒಳಗೇ ಸುತ್ತುತ್ತದೆ. ಪೋರ್ಟಬಲ್‌ನಲ್ಲಿ ಎಲ್ಲವೂ ಒಂದೇ ಡಬ್ಬದಲ್ಲಿ, ನಿಮ್ಮ ಮಂಚದ ಪಕ್ಕದಲ್ಲಿ. ಅದರ ಬಿಸಿ ಕಾಯಿಲ್ ತಣಿಯುವುದಕ್ಕೂ ಗಾಳಿ ಬೇಕಲ್ವಾ? ಒಂದೇ ಪೈಪಿನ ಯಂತ್ರ ಆ ಗಾಳಿಯನ್ನು ರೂಮಿನಿಂದಲೇ ತೆಗೆದುಕೊಳ್ಳುತ್ತದೆ. ಕರೆಂಟ್ ಸುಟ್ಟು ತಂಪು ಮಾಡಿದ ಗಾಳಿಯನ್ನೇ ಎಳೆದು, ಬಿಸಿ ಮಾಡಿ, ಪೈಪಿನಲ್ಲಿ ಆಚೆ ತಳ್ಳುತ್ತದೆ.

ಆಚೆ ಹೋದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಬಾಗಿಲ ಕೆಳಗಿನ ಸಂದಿಯಿಂದ ಬರುತ್ತದೆ, ಬಚ್ಚಲಿನ ವೆಂಟಿಲೇಟರ್‌ನಿಂದ ಬರುತ್ತದೆ, ಅಡುಗೆಮನೆ ಕಡೆಯಿಂದ ಬರುತ್ತದೆ. ಇಂಥ ಯಂತ್ರಗಳು ನಿಮಿಷಕ್ಕೆ 150-200 ಘನ ಅಡಿ ಗಾಳಿ ಹೊರಗೆ ಹಾಕುವುದು ಮಾಮೂಲು. ನಮ್ಮ ರೂಮಿನಲ್ಲಿ ಇರುವುದೇ 1,200 ಘನ ಅಡಿ. ಅಂದರೆ ಹತ್ತು ನಿಮಿಷದೊಳಗೆ ಇಡೀ ರೂಮಿನಷ್ಟು ಗಾಳಿ ಆಚೆಗೆ, ಅಷ್ಟೇ ಬಿಸಿಗಾಳಿ ಒಳಗೆ. ನಾಲೆಯಿಂದ ಗದ್ದೆಗೆ ನೀರು ತಿರುಗಿಸಿ ಕೆಳಗಿನ ಬದು ಒಡೆದಿಟ್ಟ ಹಾಗೆ. ಆ ಪೈಪೋ, ಕೈ ಇಟ್ಟರೆ ಸುಡುತ್ತದೆ. ಅದು ಮಲಗಿರುವುದೂ ರೂಮಿನ ಒಳಗೇ.

ಅಮೆರಿಕದಲ್ಲಿ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿದು ಇನ್ನೊಂದು ಅಳತೆ ಕೊಡುತ್ತಾರೆ. ಹಳೆ ಅಳತೆಯಲ್ಲಿ 14,000 ಬಿಟಿಯು ಎಂದು ಹೇಳಿಕೊಳ್ಳುವ ಯಂತ್ರ ಹೊಸ ಅಳತೆಯಲ್ಲಿ 10,000ದ ಆಸುಪಾಸಿಗೆ ಇಳಿಯುತ್ತದೆ, ಎಷ್ಟೋ ಸಲ ಅದಕ್ಕೂ ಕೆಳಗೆ. ನಮ್ಮ ಡಬ್ಬದ ಮೇಲೆ ಇದ್ದದ್ದು ಒಂದೇ ಸಂಖ್ಯೆ. ಯಾವುದು ಅಂತ ನೀವೇ ಊಹಿಸಿ.

ಹೊರಗೆ 35 ಡಿಗ್ರಿ ಇದ್ದ ಮಧ್ಯಾಹ್ನಗಳಲ್ಲಿ ನಮ್ಮ ರೂಮು 33ರಿಂದ 30ಕ್ಕೆ ಇಳಿದು ಅಲ್ಲೇ ನಿಲ್ಲುತ್ತಿತ್ತು. ನಾವು ಇಟ್ಟಿದ್ದು 24ಕ್ಕೆ. ಯಂತ್ರದ ಎದುರು ಕೂತರೆ ತಂಪು, ನಾಲ್ಕು ಅಡಿ ಸರಿದರೆ ಅದೇ ಸೆಕೆ. ಕಂಪ್ರೆಸರ್ ರೂಮಿನೊಳಗೇ ಗುರ್ ಅನ್ನುತ್ತಿದ್ದರಿಂದ ಟಿವಿ ಸೌಂಡ್ ಜಾಸ್ತಿ ಮಾಡಬೇಕಿತ್ತು. ಅಮ್ಮ ರಾತ್ರಿ ಸುಮ್ನೆ ಅದನ್ನು ಆಫ್ ಮಾಡಿ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದರು.

ಸೆಕೆಗಿಂತ ದೊಡ್ಡ ವಿಷಯ ಒಂದಿದೆ. ರೂಮಿಗೆ ಹೊಂದಿಕೊಂಡ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಈ ಯಂತ್ರ ಬೇಡವೇ ಬೇಡ. ಯಂತ್ರ ಓಡುವಷ್ಟು ಹೊತ್ತೂ ರೂಮು ಸುತ್ತಮುತ್ತಲಿಂದ ಗಾಳಿ ಹೀರುತ್ತಿರುತ್ತದೆ. ನಮಗೆ ಇದು ತಿಳಿದದ್ದು ವಾಸನೆಯಿಂದ. ಬಚ್ಚಲಿನ ಜಾಲರಿಯಿಂದ ಮೋರಿ ವಾಸನೆ ಮಂಚದ ತನಕ ಬರುತ್ತಿತ್ತು. ಮೋರಿ ಗಾಳಿ ಬರುವ ದಾರಿಯಲ್ಲಿ ಗೀಸರ್ ಹೊಗೆಯೂ ಬರಬಹುದು. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿ ಆಡದ ಬಚ್ಚಲಲ್ಲಿ ಇದರಿಂದ ಜೀವ ಹೋದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ನಮ್ಮದು ಕರೆಂಟ್ ಗೀಸರ್, ಬಚಾವ್. ಅಂಗಡಿಯಲ್ಲಿ ಯಾರೂ ಇದರ ಬಗ್ಗೆ ಒಂದು ಮಾತು ಕೇಳಲಿಲ್ಲ.

ಬಿಲ್ಲಿಗೆ ಬರೋಣ. ಈ ಯಂತ್ರ ಗಂಟೆಗೆ ಸುಮಾರು ಒಂದೂಕಾಲು ಯೂನಿಟ್ ಎಳೆಯುತ್ತದೆ. ಸ್ಪ್ಲಿಟ್ ಆದರೆ ರೂಮು ತಣ್ಣಗಾದ ಮೇಲೆ ಕಂಪ್ರೆಸರ್ ನಿಲ್ಲುತ್ತದೆ, ಇಲ್ಲವೇ ನಿಧಾನವಾಗುತ್ತದೆ. ನಮ್ಮದು ಹೇಳಿದ ಡಿಗ್ರಿ ಮುಟ್ಟುತ್ತಲೇ ಇರಲಿಲ್ಲ, ಹಾಗಾಗಿ ನಿಲ್ಲುತ್ತಲೂ ಇರಲಿಲ್ಲ. ದಿನಕ್ಕೆ 6 ಗಂಟೆ ಅಂದುಕೊಂಡರೂ ತಿಂಗಳಿಗೆ 225 ಯೂನಿಟ್, ಇದೊಂದೇ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಏನಾಗುತ್ತದೆ ಅಂತ ಗೊತ್ತಲ್ಲ. ದಾಟಿದ ಯೂನಿಟ್‌ಗೆ ಮಾತ್ರ ಅಲ್ಲ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಅಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಸೆಸ್ಕ್ ಬಿಲ್ ನೋಡಿ ಮನೆಯವರು ಮೀಟರ್ ಕೆಟ್ಟಿದೆ ಅಂದುಕೊಂಡರು.

ಸಾಕೆಟ್ ವಿಷಯದಲ್ಲೂ ಹುಷಾರು. ಮಂಚದ ಪಕ್ಕದ ಸಣ್ಣ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಇದನ್ನು ಓಡಿಸಬೇಡಿ. ಬಾಕ್ಸ್ ಕಾದು ಕರಗಬಹುದು. 16 ಆಂಪ್ ಪಾಯಿಂಟ್ ಬೇಕು. ಅದು ಹಳೆ ಮನೆಗಳಲ್ಲಿ ಅಡುಗೆಮನೆ, ಬಚ್ಚಲು ಬಿಟ್ಟರೆ ಬೇರೆಡೆ ಇರುವುದು ಕಮ್ಮಿ. "ಎಲ್ಲಿ ಬೇಕಾದರೂ ತಳ್ಳಿಕೊಂಡು ಹೋಗಿ" ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ವಾಪಸ್ ಕೊಡಲು ಹೋದಾಗ "ಡಬ್ಬ ಓಪನ್ ಆಗಿದೆ, ಕಂಪನಿಗೆ ಫೋನ್ ಮಾಡಿ" ಅಂದರು. ಕಂಪನಿಯಿಂದ ಬಂದವರು ಗಾಳಿ ಬರುವ ಬಾಯಿಗೆ ಥರ್ಮಾಮೀಟರ್ ಹಿಡಿದು, "ನೋಡಿ, 14 ಡಿಗ್ರಿ ಬರ್ತಿದೆ, ಮಷಿನ್ ಸರಿ ಇದೆ" ಎಂದು ಬರೆದುಕೊಟ್ಟು ಹೋದರು. ಬಾಯಲ್ಲಿ 14 ಇರುತ್ತದೆ ಸ್ವಾಮಿ, ರೂಮಿನಲ್ಲಿ ಎಷ್ಟಿದೆ ನೋಡಿ ಅಂದರೆ ಅದು ಅವರ ಫಾರ್ಮ್‌ನಲ್ಲಿ ಇಲ್ಲವಂತೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಆದರೆ ಅಂಗಡಿಯವರು ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅದಕ್ಕೇ, ಏನೇ ತಗೊಳ್ಳಿ, ರೂಮಿನ ಅಳತೆ, ಮೇಲೆ ತಾರಸಿ ಇದೆ ಅನ್ನುವುದು, ಕಿಟಕಿಯ ಫೋಟೊ, ಎಲ್ಲ ವಾಟ್ಸಾಪ್‌ನಲ್ಲಿ ಕಳಿಸಿ. "ಇದಕ್ಕೆ ಆಗುತ್ತಾ, ಆಗದಿದ್ದರೆ ವಾಪಸ್ ತಗೊಳ್ತೀರಾ" ಅಂತ ಅಲ್ಲೇ ಉತ್ತರ ತೆಗೆದುಕೊಳ್ಳಿ. ಉತ್ತರ ಬರೆಯಲು ಹಿಂಜರಿದರೆ ಅದೇ ನಿಮಗೆ ಉತ್ತರ.

ಎರಡು ಪೈಪಿನ ಪೋರ್ಟಬಲ್ ಎಸಿಗಳೂ ಇವೆ. ಒಂದು ಪೈಪಿನಲ್ಲಿ ಹೊರಗಿನ ಗಾಳಿ ಎಳೆದು ಇನ್ನೊಂದರಲ್ಲಿ ಬಿಡುತ್ತವೆ. ಅವು ಎಷ್ಟೋ ವಾಸಿ. ಮೈಸೂರಿನ ಅಂಗಡಿಗಳಲ್ಲಿ ನಾನು ಕೇಳಿದ ಕಡೆ ಎಲ್ಲೂ ಇರಲಿಲ್ಲ.

ಹಾಗಾದರೆ ಏನು ತಗೊಳ್ಳಬೇಕು ಅಂತೀರಾ? ಫೋನಿನಲ್ಲಿ ಜಾಹೀರಾತು ಬರುವ ಅಂಗೈ ಅಗಲದ 'ಮಿನಿ ಎಸಿ'ಯನ್ನು ಮೊದಲು ಮರೆತುಬಿಡಿ. ಅದರಲ್ಲಿ ಅರ್ಧ ಲೀಟರ್ ನೀರು ಹಿಡಿಯುತ್ತದೆ, ಐದು ಗಂಟೆ ಬರುತ್ತದೆ ಅನ್ನುತ್ತಾರೆ. ಅಷ್ಟು ನೀರು ಪೂರ್ತಿ ಆವಿಯಾದರೂ ತೆಗೆಯುವ ಶಾಖ 70 ವಾಟ್ ಆಗುವುದಿಲ್ಲ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ 100 ವಾಟ್‌ನಷ್ಟು ಶಾಖ ಬರುತ್ತದೆ. ಅದನ್ನು ನೋಡಲು ನೀವು ರೂಮಿಗೆ ಹೋದಿರಿ ಅಂದರೆ ಅದು ಆಗಲೇ ಸೋತಿತು.

ನೀರಿನ ದೊಡ್ಡ ಕೂಲರ್ ಅಷ್ಟು ಕೆಟ್ಟದ್ದಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಮೈಸೂರು, ಮಂಡ್ಯದ ಗಾಳಿ ಒಣಗಿರುತ್ತದೆ. 35 ಡಿಗ್ರಿ, ತೇವ ಶೇಕಡಾ 35 ಇದ್ದರೆ ನೀರು ಆವಿಯಾಗಿ ಗಾಳಿ 23ರ ಹತ್ತಿರ ಇಳಿಯಲು ಸಾಧ್ಯ. ಒಳ್ಳೆ ಪ್ಯಾಡ್ ಇದ್ದರೆ 26ರ ಆಸುಪಾಸಿನ ಗಾಳಿ ಸಿಗುತ್ತದೆ. ಆದರೆ ಅದನ್ನು ಕಿಟಕಿಗೆ ಬೆನ್ನು ಮಾಡಿ ಇಡಬೇಕು, ಎದುರಿನ ಬಾಗಿಲು ತೆರೆದಿರಬೇಕು. ಎಸಿ ಥರ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆಯಲ್ಲಿ ಮೈಯೆಲ್ಲ ಅಂಟು ಅಂಟು. ಭರಣಿ ಮಳೆ ಬಿದ್ದು ಗಾಳಿ ತೇವವಾದ ಮೇಲೆ ಅದರ ಆಟ ಅಷ್ಟಕ್ಕಷ್ಟೇ. ನಾಲೆ ಬಯಲಿನ ಗದ್ದೆ ನಡುವೆ ಮನೆ ಇರುವವರಿಗೆ ಇನ್ನೂ ಕಮ್ಮಿ.

ಮೈಸೂರು ಇರುವುದು ಸಮುದ್ರ ಮಟ್ಟದಿಂದ 770 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನಲ್ಲೂ ರಾತ್ರಿ ಕಳೆಯುವ ಹೊತ್ತಿಗೆ ಹೊರಗೆ 22ರ ಆಸುಪಾಸಿಗೆ ಇಳಿಯುತ್ತದೆ. ಆದರೂ ರೂಮು ಬೇಯುತ್ತದೆ ಅಂದರೆ ಅದು ತಾರಸಿಯ ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಲು. ನಾವು ಕೊನೆಗೆ ಓನರ್‌ನ ಕೇಳಿ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿದೆವು. ಇದಕ್ಕೆ ಅವರು ಖುಷಿಯಾಗೇ ಒಪ್ಪಿದರು, ಅವರ ಮನೆಗೇ ಒಳ್ಳೆಯದಲ್ವಾ. ಪ್ಲೈವುಡ್ ಕಿತ್ತು ಅದೇ ಕಿಟಕಿಯ ಮೇಲಿನ ಗಾಜಿನ ಜಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಅಮ್ಮನಿಗೆ ನಿದ್ದೆ ಬಂತು.

ಎಸಿಯೇ ಬೇಕು ಅನ್ನುವವರು ಓನರ್ ಹತ್ತಿರ ಇನ್ನೊಂದು ಸಲ ಮಾತಾಡಿ. ಸ್ಪ್ಲಿಟ್‌ಗೆ ಬೇಕಾದ ತೂತು ಎರಡೂವರೆ ಮೂರು ಇಂಚು, ಅಷ್ಟೇ. ಖಾಲಿ ಮಾಡುವಾಗ ಸಿಮೆಂಟ್ ಹಾಕಿ ಮುಚ್ಚಿಸಿ ಬಣ್ಣ ಹೊಡೆಸಿಕೊಡುತ್ತೇವೆ ಎಂದು ಅಗ್ರಿಮೆಂಟ್‌ನಲ್ಲೇ ಬರೆದುಕೊಟ್ಟರೆ ಎಷ್ಟೋ ಜನ ಒಪ್ಪುತ್ತಾರೆ. ಬೆಲೆಯಲ್ಲೂ ಒಂದು ಟನ್ನಿನ ಸ್ಪ್ಲಿಟ್ ಇದಕ್ಕಿಂತ ಹೆಚ್ಚೇನೂ ಇಲ್ಲ.

ಇನ್ನೊಂದು ಮಾತು. ಜೂನ್ ಬಂತೆಂದರೆ ಈ ಯಂತ್ರಗಳು "ಒಂದೇ ಸೀಸನ್ ಬಳಸಿದ್ದು" ಅಂತ ಅರ್ಧ ಬೆಲೆಗೆ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತವೆ. ಯಾಕೆ ಒಂದೇ ಸೀಸನ್ ಅಂತ ಈಗ ನಿಮಗೆ ಗೊತ್ತು. ಅಷ್ಟಾದರೂ ತಗೊಳ್ಳುವುದಾದರೆ ಅವರ ಮನೆಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ಗಾಡಿಯಲ್ಲಿ ಮಲಗಿಸಿ ತರಬೇಡಿ. ಮಲಗಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ, ಕಂಪ್ರೆಸರ್ ಎಣ್ಣೆ ಇಳಿಯಲು ಒಂದು ದಿನ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ನಮ್ಮದನ್ನು ಕೊಂಡವರಿಗೆ ಇಷ್ಟೂ ಹೇಳಿಯೇ ಕೊಟ್ಟೆವು. ಅವರದು ಜಾರುವ ಕಿಟಕಿ, ನೆಲಮಹಡಿಯ ಪುಟ್ಟ ಆಫೀಸು.