ಹಳೆಯ ಡಿಸ್ಕ್ ಪ್ಲೇಯರ್‌ಗೆ ಹೊಸ ಲೇಸರೋ, ಇನ್ನೊಂದು ಹಳೆಯ ಪ್ಲೇಯರೋ?

ಡಿಸ್ಕ್ ತಿರುಗಿ, ನಿಂತು, ಪರದೆಯ ಮೇಲೆ 'ನೋ ಡಿಸ್ಕ್' ಬಂದ ಮಾತ್ರಕ್ಕೆ ಲೇಸರ್ ಹೋಯಿತೆಂದು ತೀರ್ಮಾನಿಸಬೇಡಿ. ಮೊದಲು ಲೆನ್ಸಿನ ದೂಳು ಒರೆಸಿ, ಲೇಸರ್ ಸರಿಯುವ ಹಳಿಯ ಮೇಲೆ ಗಟ್ಟಿಯಾದ ಗ್ರೀಸ್ ತೆಗೆದು ಹೊಸದು ಹಚ್ಚಿ. ಟ್ರೇ ತೆರೆಯದಿದ್ದರೆ ಸಾಮಾನ್ಯವಾಗಿ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಅಷ್ಟೇ.

ಆಮೇಲೂ ಓದದಿದ್ದರೆ ಒಳಗಿರುವ ಲೇಸರ್ ಯಾವುದೆಂದು ನೋಡಿ. ಸೋನಿ ಕೆಎಸ್‌ಎಸ್-213ರಂಥದ್ದಾದರೆ ಹೊಸ ನಕಲು ಭಾಗ ಸಿಗುತ್ತದೆ. ಅಗ್ಗವೇನೋ ಹೌದು, ಗುಣಮಟ್ಟ ಮಾತ್ರ ಒಂದೇ ಸಮನಿರುವುದಿಲ್ಲ. ಎರಡು ಮೂರು ತರಿಸಿಟ್ಟುಕೊಳ್ಳಿ. ಸ್ಥಿರ ವಿದ್ಯುತ್ತಿನಿಂದ ಬೆಳಕು ಹೊಮ್ಮಿಸುವ ಡಯೋಡ್ ಸುಡದಿರಲೆಂದು ಅದರ ಪುಟ್ಟ ಬೋರ್ಡಿನ ಮೇಲೆ ಬೆಸುಗೆಯ ಚುಕ್ಕೆಯೊಂದನ್ನು ಇಟ್ಟಿರುತ್ತಾರೆ. ಕೇಬಲ್ ಜೋಡಿಸಿದ ಮೇಲೆ ಅದನ್ನು ತೆಗೆಯದಿದ್ದರೆ ಲೇಸರ್ ಬೆಳಗುವುದೇ ಇಲ್ಲ. ಚೆನ್ನಾಗಿರುವ ಭಾಗವನ್ನೇ ಕೆಟ್ಟದ್ದೆಂದು ಎಸೆಯುವುದು ಇಲ್ಲಿಯೇ.

ಹಳಿಯ ಬದಲು ತೂಗುವ ತೋಳಿನ ಮೇಲೆ ಲೇಸರ್ ಇರುವ, ಫಿಲಿಪ್ಸ್‌ನ ಸಿಡಿಎಂ ಎಂಬ ಡಿಸ್ಕ್ ಓದುವ ಯಂತ್ರಗಳ ವಿಷಯ ಬೇರೆ. ಅವುಗಳಿಗೆ ಭಾಗ ಬೇಕಾದರೆ ಇನ್ನೊಂದು ಹಳೆಯ ಪ್ಲೇಯರೇ ಗತಿ. ಅದು ದುಬಾರಿ ಮಾದರಿಯೇ ಆಗಬೇಕಿಲ್ಲ; ಸಿಡಿಎಂ-4 ಸಾಧಾರಣ ಪ್ಲೇಯರ್‌ಗಳಲ್ಲೂ ಇತ್ತು. ಆದರೆ ಅದರ ಲೇಸರೂ ಸವೆದಿರಬಹುದು. ಕೊಳ್ಳುವ ಮುನ್ನ ಒಂದು ಡಿಸ್ಕನ್ನು ಕೊನೆಯ ಹಾಡಿನವರೆಗೂ ಓಡಿಸಿ ನೋಡಿ.

ಒಪ್ಪೋ 2018ರಲ್ಲಿ ಕೈಬಿಟ್ಟ ಯುಡಿಪಿ-205ರಂಥ, ಸಿಡಿ, ಡಿವಿಡಿ, ಬ್ಲೂ-ರೇ ಮೂರನ್ನೂ ಓದುವ ಪ್ಲೇಯರ್ ಇದ್ದರೆ, ಸಿಡಿ ಓದಿತೆಂದು ನೆಮ್ಮದಿ ಬೇಡ. ಸಿಡಿಗೆ 780, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೊಮೀಟರ್ ಬೆಳಕು ಬೇಕು. ಒಂದು ಸೋತರೂ ಉಳಿದವು ಓದುತ್ತಿರುತ್ತವೆ. ಇಂಥದ್ದಕ್ಕೆ ನನ್ನ ಮತ ಎರಡನೆಯ ಪ್ಲೇಯರ್ ಕಡೆಗೇ: ಲೇಸರ್ ಜೊತೆಗೆ ಡಿಸ್‌ಪ್ಲೇ, ಟ್ರಾನ್ಸ್‌ಫಾರ್ಮರ್, ರಿಮೋಟ್ ಎಲ್ಲವೂ ಕೈಗೆ ಬರುತ್ತವೆ.