ತೊಡೆಸಂದಿನಿಂದ ಒಂದು ಸ್ಟೆಂಟ್, ಮಣಿಕಟ್ಟಿನಿಂದ ಇನ್ನೊಂದು

ಇನ್ನೊಮ್ಮೆ ಕಾಲಿನ ರಕ್ತನಾಳಕ್ಕೆ ಸ್ಟೆಂಟ್ (ಕಿರಿದಾದ ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ) ಹಾಕಿಸುವ ಪ್ರಸಂಗ ಬಂದರೆ ನಾನು ಕೈಯನ್ನೇ ಚಾಚುತ್ತೇನೆ. 30 ವರ್ಷ ಸೇದಿದ ಸಿಗರೇಟಿನ ಬಡ್ಡಿಯೋ ಏನೋ, ನನ್ನ ಎರಡೂ ಕಾಲಿಗೆ ಹೋಗುವ ನಾಳಗಳು ಸೊಂಟದ ಹತ್ತಿರವೇ ಕಿರಿದಾಗಿದ್ದವು. ನೂರು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಲಗಾಲಿಗೆ 3 ವರ್ಷದ ಹಿಂದೆ ತೊಡೆಸಂದಿನಿಂದ ಸ್ಟೆಂಟ್ ಹಾಕಿದರು, ಎಡಗಾಲಿಗೆ ಈ ವರ್ಷ ಎಡ ಮಣಿಕಟ್ಟಿನಿಂದ.

ತೊಡೆಸಂದಿನ ದಾರಿ ಹಳೆಯದು, ಹತ್ತಿರದ್ದು. 1964ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ವೈದ್ಯ ಚಾರ್ಲ್ಸ್ ಡಾಟರ್ ಶಸ್ತ್ರಕ್ರಿಯೆಯಿಲ್ಲದೆ ಮೊದಲು ಅಗಲಿಸಿದ್ದೂ ಕಾಲಿನ ನಾಳವನ್ನೇ. ಚಿಕಿತ್ಸೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರೆಲ್ಲ ಆಮೇಲಿನ 6 ಗಂಟೆಗಳದು. ಕಾಲು ಮಡಚಬಾರದು, ತಲೆ ಎತ್ತಬಾರದು, ಮೇಲೆ ಮರಳುಚೀಲ. ನನಗೋ ಪ್ರಾಸ್ಟೇಟ್ ತೊಂದರೆ. ನಿಂತರೇ ಮೂತ್ರ ಬರುವುದು ಕಷ್ಟ. ಮಲಗಿದಲ್ಲೇ ಬಾಟಲಿ ಕೊಟ್ಟರು, ಹನಿಯೂ ಇಳಿಯಲಿಲ್ಲ. ಪರದೆ ಎಳೆದರು, ಹೆಂಡತಿಯನ್ನು ಹೊರಗೆ ಕಳಿಸಿದರು, ನಲ್ಲಿ ಬಿಟ್ಟು ಸದ್ದು ಕೇಳಿಸಿದರು. ಯಾರೂ ಇಲ್ಲದ ಹೊತ್ತು ನೋಡಿ ಕಳ್ಳನಂತೆ ಏಳಲು ಹೋದೆ. ಒಳಗೇ ರಕ್ತ ಸೋರಿ ತೊಡೆ ಬದನೆಕಾಯಿ ಬಣ್ಣಕ್ಕೆ ತಿರುಗಿತು. ದಾದಿಯ ಬೈಗುಳ, ಸ್ಕ್ಯಾನಿಂಗ್, ಕೊನೆಗೆ ಮೂತ್ರಕ್ಕೆ ಕೊಳವೆ, ಇನ್ನೂ ಎರಡು ರಾತ್ರಿ ಆಸ್ಪತ್ರೆ. ತಪ್ಪು ನನ್ನದೇ, ಒಪ್ಪುತ್ತೇನೆ. ತುಂಬಿದ ಮೂತ್ರಕೋಶ ಅದನ್ನೆಲ್ಲ ಕೇಳುವುದಿಲ್ಲ.

ಈ ವರ್ಷ ಸ್ಟೆಂಟ್ ಹಾಕಿದ ಮೇಲೆ ಮಣಿಕಟ್ಟಿಗೆ ಗಾಳಿ ತುಂಬುವ ಪಟ್ಟಿ ಬಿಗಿದು, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಪಟ್ಟಿ ಬಿಚ್ಚುವ ಮೊದಲೇ ನಾನು ಶೌಚಾಲಯಕ್ಕೆ ನಡೆದು ಹೋಗಿ ಬಂದಿದ್ದೆ! ನೋವೇ ಇರಲಿಲ್ಲವೆಂದಲ್ಲ. ಅಲ್ಲಿನ ನಾಳ 2–3 ಮಿಲಿಮೀಟರ್ ಅಗಲದ್ದು. ಕೊಳವೆ ನುಗ್ಗಿದೊಡನೆ ಸೆಟೆದುಕೊಂಡು ಮೊಣಕೈವರೆಗೆ ಬಟ್ಟೆ ಹಿಂಡಿದಂತಾಯಿತು. ನಾಳ ಸಡಿಲಿಸುವ ಔಷಧಿ ಕೊಟ್ಟು ಕಾದರು.

ಬಲಗೈಗಿಂತ ಎಡಗೈಯಿಂದ ಕಾಲಿಗೆ ದೂರ ಕಡಿಮೆ, ಮಿದುಳಿಗೆ ಹೋಗುವ ನಾಳಗಳ ಬಾಯಿ ದಾಟುವ ಅಪಾಯವೂ ಕಡಿಮೆ. ನಾನು ಕುಳ್ಳನಾಗಿದ್ದು ಜೀವನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಎತ್ತರದವರಿಗೆ, ಮೊಣಕಾಲಿನ ಕೆಳಗೆ ಅಡಚಣೆ ಇರುವವರಿಗೆ ಮಣಿಕಟ್ಟಿನಿಂದ ನಾಳ ಅಗಲಿಸುವ ಬಲೂನು ಮುಟ್ಟಿಸುವುದೇ ಕಷ್ಟ. ಡಯಾಲಿಸಿಸ್ ಬೇಕಾಗಬಹುದಾದವರ ಕೈನಾಳವನ್ನು, ಮುಂದೆ ಅದಕ್ಕೇ ಬೇಕಾಗಬಹುದೆಂದು, ವೈದ್ಯರು ಮುಟ್ಟದೆ ಉಳಿಸಲು ನೋಡುತ್ತಾರೆ.

ಉದ್ದನೆಯ ತಂತಿ, ಕೊಳವೆಗಳಿಗೆ ಬಿಲ್ಲಿನಲ್ಲಿ ಹೆಚ್ಚು ಬಿತ್ತು. ಕೋಣೆ ಬಾಡಿಗೆ ಉಳಿದು ನನ್ನ ಪಿಂಚಣಿಗೆ ಹೆಚ್ಚುಕಡಿಮೆ ಸರಿಹೋಯಿತು. ಮಾತ್ರೆಗಳು ಎರಡು ಸಲವೂ ಅವೇ. ಒಂದು ವಾರ ಎಡಗೈಯಲ್ಲಿ ಭಾರ ಎತ್ತಬೇಡಿ ಎಂದಿದ್ದರು. ತರಕಾರಿ ಚೀಲವನ್ನು ಬಲಗೈಗೆ ದಾಟಿಸಿ, ಮಾರುಕಟ್ಟೆಯಿಂದ ಮನೆಯವರೆಗೆ ಎಲ್ಲೂ ನಿಲ್ಲದೆ ಬಂದೆ.